ಕೌನ್ಸಿಲರಿಗೆ ಮೂಗುದಾರ ಹಾಕುವ ಮೂಲೆ

ಚೆನ್ನೈನ ಪ್ಯಾರೀಸ್ ಕಾರ್ನರಿಗೆ ಬಂದವರ ಕಣ್ಣು ಮೊದಲು ಹೋಗುವುದು ಡೇರ್ ಹೌಸಿನ ಮೇಲೆ. 1788ರಲ್ಲಿ ವೇಲ್ಸಿನಿಂದ ಬಂದಿಳಿದ ಥಾಮಸ್ ಪ್ಯಾರಿಯ ವ್ಯಾಪಾರಿ ಕಂಪನಿ 1940ರ ಹೊತ್ತಿಗೆ ಎಬ್ಬಿಸಿದ ಕಟ್ಟಡ ಅದು. ಅದರ ಆವರಣದಲ್ಲಿ ಹೆಚ್ಚಿನವರು ಗಮನಿಸದ ಒಂದು ಕಲ್ಲುಗಂಬ ಇದೆ. ಮೈಮೇಲೆ 1773ರ ಜನವರಿ 1ರ ತಾರೀಕು. ಫ್ರೆಂಚರ ಮುತ್ತಿಗೆಗಳಿಂದ ಬುದ್ಧಿ ಕಲಿತ ಈಸ್ಟ್ ಇಂಡಿಯಾ ಕಂಪನಿ, ಸೇಂಟ್ ಜಾರ್ಜ್ ಕೋಟೆಗೆ ಅಂಟಿಕೊಂಡಿದ್ದ ಹಳೆಯ ಪೇಟೆಯನ್ನು ಕೆಡವಿ ಬಯಲು ಮಾಡಿಸಿತು. ಫಿರಂಗಿ ಹಾರಿಸಲು ಅಡ್ಡಿ ಇರಬಾರದು ನೋಡಿ. ಈ ಗೆರೆಯಿಂದ ಕೋಟೆಯ ಕಡೆಗೆ ಯಾರೂ ಏನೂ ಕಟ್ಟಕೂಡದು ಎಂದು ಆರು ಕಂಬ ನೆಟ್ಟಿತು. ಆರರಲ್ಲಿ ಉಳಿದದ್ದು ಇದೊಂದು. ಕಂಪನಿ ಕಾದಿಟ್ಟ ಆ ಬಯಲಿನಲ್ಲಿ ಈಗ ಮದ್ರಾಸ್ ಹೈಕೋರ್ಟ್ ಕೂತಿದೆ. ರಸ್ತೆ ಒತ್ತುವರಿ ಮಾಡಿದವರನ್ನು ತರಾಟೆಗೆ ತೆಗೆದುಕೊಳ್ಳುವ ನ್ಯಾಯಪೀಠವೇ ಹಳೆಯ ಗೆರೆ ದಾಟಿ ಕೂತಿದೆ ಎಂಬ ವಾದವನ್ನು ಯಾವ ವಕೀಲರೂ ಇನ್ನೂ ಹೂಡಿದಂತಿಲ್ಲ.

ಈ ನಾಲ್ಕು ರಸ್ತೆಯ ಕೂಡಿನಲ್ಲಿ ನಿಂತರೆ ಒಂದು ಊರಿನ ಆಡಳಿತದ ನಕ್ಷೆಯೇ ಬಿಚ್ಚಿಕೊಳ್ಳುತ್ತದೆ. ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಕೋಟೆ, ಅದರೊಳಗೆ ಸಚಿವಾಲಯ, ವಿಧಾನಸಭೆ. ರಸ್ತೆಯಾಚೆ ಹೈಕೋರ್ಟು. ಪಶ್ಚಿಮಕ್ಕೆ ಎನ್‌ಎಸ್‌ಸಿ ಬೋಸ್ ರಸ್ತೆ. ಆ ದಿಕ್ಕಿನಲ್ಲೇ ಸೆಂಟ್ರಲ್ ಸ್ಟೇಷನ್ನಿನ ಹತ್ತಿರ 1913ರಲ್ಲಿ ಕಟ್ಟಿದ ಬಿಳಿಯ ರಿಪ್ಪನ್ ಬಿಲ್ಡಿಂಗ್, ನಗರ ಪಾಲಿಕೆಯ ಮನೆ. ವಾರ್ಡಿನಿಂದ ಆರಿಸಿ ಬಂದ ಕೌನ್ಸಿಲರ್ ದಾರಿ ತಪ್ಪಿದರೆ ಹಿಡಿದು ನಿಲ್ಲಿಸುವವರು ಯಾರು ಎಂಬ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡು ಬಂದವನಿಗೆ ಇದಕ್ಕಿಂತ ಅನುಕೂಲದ ಜಾಗ ದೇಶದಲ್ಲಿ ಸಿಗಲಾರದು. ಬಹುತೇಕ ಎಲ್ಲವನ್ನೂ ಕಾಲ್ನಡಿಗೆಯಲ್ಲೇ ನೋಡಿ ಮುಗಿಸಬಹುದು.

ಮದ್ರಾಸ್ ಕಾರ್ಪೊರೇಷನ್ ಹುಟ್ಟಿದ್ದು ಕೋಟೆಯೊಳಗೆ, 1688ರ ಸೆಪ್ಟೆಂಬರ್ 29ರಂದು. ದೇಶದ ಅತಿ ಹಳೆಯ ಪಾಲಿಕೆ. ನಥಾನಿಯಲ್ ಹಿಗಿನ್ಸನ್ ಮೊದಲ ಮೇಯರ್. ಹನ್ನೆರಡು ಮಂದಿ ಆಲ್ಡರ್‌ಮನ್ನರಲ್ಲಿ ಹಿಂದೂ ವರ್ತಕರೂ ಯೆಹೂದಿ ವರ್ತಕರೂ ಇದ್ದರು. ಮೇಯರ್ ಅವಧಿ ಒಂದೇ ವರ್ಷ. ಬೆಂಗಳೂರಿನ ಒಂದು ವರ್ಷದ ಮೇಯರುಗಳನ್ನು ನೋಡಿ ನಕ್ಕವರಿಗೆ ಇದು ಗೊತ್ತಿರಲಿ, ಆ ಪದ್ಧತಿಗೆ ಮುನ್ನೂರು ವರ್ಷದ ವಯಸ್ಸಿದೆ. ಕಂಪನಿಗೆ ಪ್ರಜಾಪ್ರಭುತ್ವದ ಮೇಲೆ ಪ್ರೀತಿ ಉಕ್ಕಿ ಬಂದದ್ದೇನಲ್ಲ. ತಾವು ಹಾಕಿದ ತೆರಿಗೆ ಜನ ಕೊಡುತ್ತಿರಲಿಲ್ಲ. ಜನರದೇ ಮುಖಂಡರ ಕೈಯಲ್ಲಿ ಹಾಕಿಸಿದರೆ ಕೊಟ್ಟಾರು ಎಂಬುದು ಲಂಡನ್ನಿನಲ್ಲಿ ಕೂತ ಜೊಸಾಯ ಚೈಲ್ಡನ ಲೆಕ್ಕ. ಜನ ಆಗಲೂ ಕೊಡಲಿಲ್ಲ, ಅದು ಬೇರೆ ಮಾತು. ಊರಿನ ಸಭೆಯನ್ನು ಮೇಲಿನವರು ತಮ್ಮ ಅನುಕೂಲಕ್ಕೆ ಹುಟ್ಟಿಸಿದರು ಎಂಬುದಷ್ಟೇ ಇಲ್ಲಿ ಮುಖ್ಯ. ಹುಟ್ಟಿಸಿದವರಿಗೆ ಮುಚ್ಚುವುದೂ ಸಲೀಸು.

ಹೈಕೋರ್ಟ್ ಆವರಣದೊಳಕ್ಕೆ ಮೊದಲಿನ ಹಾಗೆ ಸುಮ್ಮನೆ ನುಗ್ಗುವಂತಿಲ್ಲ. 2015ರ ನವೆಂಬರಿನಿಂದ ಗೇಟಿನಲ್ಲಿ ಸಿಐಎಸ್‌ಎಫ್ ಕಾವಲಿದೆ, ಬಂದ ಕೆಲಸ ಹೇಳಬೇಕು, ಚೀಲ ತೋರಿಸಬೇಕು. ಒಳಗೆ ಹೋದರೆ 1892ರ ಕೆಂಪು ಕಟ್ಟಡ, ಗುಮ್ಮಟದ ನೆತ್ತಿಯಲ್ಲಿ ಒಂದು ಕಾಲಕ್ಕೆ ಹಡಗುಗಳಿಗೆ ದಾರಿ ತೋರಿದ ದೀಪದ ಗೋಪುರ. 1914ರಲ್ಲಿ ಜರ್ಮನರ ಎಂಡೆನ್ ಹಡಗು ಗುಂಡು ಹಾರಿಸಿದ ಕಥೆಯನ್ನು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ವರ್ಷಕ್ಕೊಮ್ಮೆ, ನವೆಂಬರಿನ ಒಂದು ವಾರಾಂತ್ಯದಲ್ಲಿ, ಎಲ್ಲ ಗೇಟುಗಳನ್ನೂ ಒಂದು ದಿನ ಮುಚ್ಚುವ ಪದ್ಧತಿ ಇದೆ. ಆವರಣದಲ್ಲಿ ಅಡ್ಡ ಹಾಯ್ದು ಹೋಗುವ ಜನ ಮುಂದೊಂದು ದಿನ ಇದು ನಮ್ಮ ಓಡಾಟದ ದಾರಿ ಎಂದು ಹಕ್ಕು ಸಾಧಿಸಬಾರದಲ್ಲ, ಅದಕ್ಕೆ. ಹಕ್ಕಿನ ವಿಷಯದಲ್ಲಿ ನ್ಯಾಯಾಲಯ ತನ್ನ ಹಿತ್ತಲನ್ನೂ ಬಿಟ್ಟುಕೊಡುವುದಿಲ್ಲ.

ನಾನು ನೋಡಬೇಕಿದ್ದದ್ದು ಆ ಭವ್ಯ ಕಟ್ಟಡದ ಪಕ್ಕದಲ್ಲಿ ಸಪ್ಪೆಯಾಗಿ ಕಾಣುವ ಇನ್ನೊಂದನ್ನು: ಸ್ಮಾಲ್ ಕಾಸಸ್ ಕೋರ್ಟ್. ಬಾಡಿಗೆ ತಕರಾರು, ಮೋಟಾರು ಅಪಘಾತದ ಪರಿಹಾರ, ಇಂಥ ಮೊಕದ್ದಮೆಗಳ ಜಾಗ. ಕಾರಿಡಾರಿನಲ್ಲಿ ಊರುಗೋಲು ಹಿಡಿದವರು, ಮನೆ ಬಾಡಿಗೆಯ ರಸೀದಿಗಳ ಕಂತೆ ಹಿಡಿದ ಮುದುಕಿಯರು. ಆದರೆ ಮದ್ರಾಸ್ ನಗರಕ್ಕೆಂದು 1919ರಲ್ಲಿ ಆದ ಪಾಲಿಕೆ ಕಾಯ್ದೆ ಒಂದು ವಿಚಿತ್ರ ಅಧಿಕಾರವನ್ನು ಇಲ್ಲಿನ ಮುಖ್ಯ ನ್ಯಾಯಾಧೀಶರಿಗೆ ಕೊಟ್ಟಿತ್ತು. ಕೌನ್ಸಿಲರ್ ಸ್ಥಾನ ಉಳಿಯುತ್ತದೋ ಹೋಗುತ್ತದೋ, ಆತ ಅನರ್ಹನೋ ಅಲ್ಲವೋ ಎಂಬ ತಕರಾರು ಎದ್ದರೆ ತೀರ್ಮಾನಿಸಬೇಕಿದ್ದವರು ಅವರು. ಪಾಲಿಕೆಯ ಗುತ್ತಿಗೆಯಲ್ಲಿ ಕೌನ್ಸಿಲರಿಗೆ ಪಾಲಿದೆ ಎಂಬ ದೂರು, ಚುನಾವಣೆಯಲ್ಲಿ ಅಕ್ರಮ ನಡೆಯಿತೆಂಬ ದೂರು, ಎಲ್ಲವೂ ಬಾಡಿಗೆದಾರರ ಸಾಲಿನಲ್ಲೇ ನಿಂತು ಕಾಯಬೇಕಿತ್ತು. ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಸರ್ಕಾರದ ಸಹಿ ಬೇಕಿರಲಿಲ್ಲ, ಮಂತ್ರಿಯ ಮರ್ಜಿ ಬೇಕಿರಲಿಲ್ಲ, ತಪ್ಪು ಮಾಡಿದವನೊಬ್ಬನನ್ನೇ ಹೆಸರು ಕೂಗಿ ಕರೆಯುತ್ತಿದ್ದರು. ಉಳಿದ ಕೌನ್ಸಿಲು ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಕನ್ನಡಿಗರಿಗೂ ಈ ಆವರಣ ಹೊಸದಲ್ಲ. 1866ರಷ್ಟು ಹಿಂದೆಯೇ ಪುರಸಭೆ ಕಂಡ ಮಂಗಳೂರು, ಕಾಸರಗೋಡು, ಕೊಳ್ಳೇಗಾಲ ಎಲ್ಲವೂ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೆಳಗಿದ್ದವು, ಬಳ್ಳಾರಿ 1953ರವರೆಗೆ. ಅಲ್ಲಿನ ಪುರಸಭೆಗಳಿಗೂ ಜಿಲ್ಲಾ ಬೋರ್ಡುಗಳಿಗೂ ಕಾಯ್ದೆ ಬಂದದ್ದು ಈ ಕೋಟೆಯಿಂದ. ಊರಿನ ಕೋರ್ಟಿನಲ್ಲಿ ಸೋತ ಕೌನ್ಸಿಲರು ಕೊನೆಗೆ ಮಂಗಳೂರು ಮೇಲ್ ಹತ್ತಿ ಬರುತ್ತಿದ್ದದ್ದು ಇದೇ ಮೆಟ್ಟಿಲಿಗೆ.

ಹೈಕೋರ್ಟ್ ಆವರಣದಲ್ಲಿ ಮನುನೀತಿ ಚೋಳನ ಪ್ರತಿಮೆ ಇದೆ. ಮಗನ ರಥಕ್ಕೆ ಕರು ಸಿಕ್ಕಿ ಸತ್ತಾಗ, ತಾಯಿ ಹಸು ಬಂದು ಗಂಟೆ ಜಗ್ಗಿದ್ದಕ್ಕೆ ತನ್ನ ಮಗನನ್ನೇ ರಥದ ಗಾಲಿಗೆ ಕೊಟ್ಟ ರಾಜ. ಅವನ ಊರು ತಿರುವಾರೂರು. ಅದೇ ತಿರುವಾರೂರಿನ ಶಾಲೆಯಲ್ಲಿ ಓದಿದ ಕರುಣಾನಿಧಿ ಮುಖ್ಯಮಂತ್ರಿಯಾಗಿದ್ದಾಗ, 1973ರಲ್ಲಿ, ಮದ್ರಾಸ್ ಕಾರ್ಪೊರೇಷನ್ನಿನಲ್ಲಿ ಮಸ್ಟರ್ ರೋಲ್ ಹಗರಣ ಹೊರಬಿತ್ತು. ಇಲ್ಲದ ಕೂಲಿಗಳ ಹೆಸರು ಬರೆದು ಕೂಲಿ ಎತ್ತಿದ ಹಗರಣ. ಪಾಲಿಕೆ ಆಗ ಡಿಎಂಕೆ ಕೈಯಲ್ಲೇ ಇತ್ತು, 1959ರಿಂದಲೂ. ತಮ್ಮದೇ ಪಕ್ಷದ ಕೌನ್ಸಿಲನ್ನು ಕರುಣಾನಿಧಿ ಸರ್ಕಾರ ಆ ಡಿಸೆಂಬರಿನಲ್ಲಿ ವಜಾ ಮಾಡಿತು. ಮೇಲ್ನೋಟಕ್ಕೆ ಚೋಳ ರಾಜನ ನ್ಯಾಯವೇ. ಆದರೆ ರಾಜ ಬಲಿ ಕೊಟ್ಟದ್ದು ತಪ್ಪು ಮಾಡಿದ ಒಬ್ಬ ಮಗನನ್ನು. ಇಲ್ಲಿ ಸುಳ್ಳು ಹಾಜರಿ ಬರೆದವರು ಎಷ್ಟೇ ಮಂದಿ ಇರಲಿ, ದಂಡ ಬಿದ್ದದ್ದು ಇಡೀ ಊರಿಗೆ. ಮುಂದಿನ ಪಾಲಿಕೆ ಚುನಾವಣೆ ನಡೆದದ್ದು 1996ರಲ್ಲಿ! ಇಪ್ಪತ್ಮೂರು ವರ್ಷ ಕೌನ್ಸಿಲರೂ ಇಲ್ಲ, ಮೇಯರೂ ಇಲ್ಲ. ನಡುವೆ ರಾಷ್ಟ್ರಪತಿ ಆಳ್ವಿಕೆ ಬಂತು, ಎಂಜಿಆರ್ ಬಂದರು, ಹೋದರು, ಜಯಲಲಿತಾ ಬಂದರು. ಊರಿನ ಚರಂಡಿ, ತೆರಿಗೆ, ಶಾಲೆ ಎಲ್ಲವನ್ನೂ ನೋಡಿಕೊಂಡವರು ಕೋಟೆಯಿಂದ ನೇಮಕವಾದ ವಿಶೇಷಾಧಿಕಾರಿಗಳು. ಹಗರಣ ಮಾಡಿದ ಕೌನ್ಸಿಲರನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸುವ ಅವಕಾಶವನ್ನೇ ಮತದಾರನಿಂದ ಕಿತ್ತುಕೊಂಡು, ಅದಕ್ಕೆ ಭ್ರಷ್ಟಾಚಾರದ ವಿರುದ್ಧ ಕ್ರಮ ಎಂದು ಹೆಸರಿಟ್ಟರು.

1996ರಲ್ಲಿ ಜನರಿಂದ ನೇರ ಆಯ್ಕೆಯಾದ ಮೊದಲ ಮೇಯರ್ ಎಂ.ಕೆ. ಸ್ಟಾಲಿನ್. 2001ರಲ್ಲಿ ಮತ್ತೆ ಗೆದ್ದರು. 2002ರಲ್ಲಿ ಜಯಲಲಿತಾ ಸರ್ಕಾರ, ಒಬ್ಬರು ಎರಡು ಚುನಾಯಿತ ಹುದ್ದೆಗಳಲ್ಲಿ ಇರುವಂತಿಲ್ಲ ಎಂದು ಕಾಯ್ದೆ ತಿದ್ದಿತು. ಸ್ಟಾಲಿನ್ ಆಗ ಶಾಸಕರೂ ಹೌದು. ವಿಷಯ ಹೈಕೋರ್ಟಿಗೆ ಬಂತು, ಕೊನೆಗೆ ಮೇಯರ್ ಕುರ್ಚಿ ಅವರ ಕೈತಪ್ಪಿ ಉಪಮೇಯರ್ ಕರಾಟೆ ತ್ಯಾಗರಾಜನ್ ಹೊಣೆ ಹೊತ್ತರು. ನಿಯಮವೇನೋ ಒಳ್ಳೆಯದೇ. ನಮ್ಮ ಕರ್ನಾಟಕದ ಪಾಲಿಕೆಗಳಲ್ಲಂತೂ ಶಾಸಕರೂ ಸಂಸದರೂ ಮೇಯರ್ ಆಯ್ಕೆಯಲ್ಲಿ ಮತ ಹಾಕಿ ಗೆಲುವು ಸೋಲನ್ನೇ ತಿರುಗಿಸುತ್ತಾರೆ. ಆದರೆ ಒಬ್ಬನೇ ಒಬ್ಬ ಎದುರಾಳಿಯ ಅಳತೆಗೆ ಹೊಲಿದಂತಿರುವ ನಿಯಮವನ್ನು ಜನ ನಂಬುವುದು ಕಷ್ಟ.

ಸಂವಿಧಾನದ 74ನೇ ತಿದ್ದುಪಡಿ ಬಂದ ಮೇಲೆ 23 ವರ್ಷದ ಆಟ ನಡೆಯುವಂತಿಲ್ಲ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು. ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ. 243-ಯು ವಿಧಿಯಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಮಾತು. ಹಾಗಿದ್ದೂ 2016ರಲ್ಲಿ ಏನಾಯಿತು ನೋಡಿ. ಅಕ್ಟೋಬರಿನಲ್ಲಿ ಚುನಾವಣೆ ಗೊತ್ತಾಗಿತ್ತು. ಪರಿಶಿಷ್ಟ ಪಂಗಡಗಳ ಮೀಸಲಾತಿ ಸರಿಯಾಗಿ ಆಗಿಲ್ಲವೆಂದು ಡಿಎಂಕೆ ಈ ಹೈಕೋರ್ಟಿಗೆ ಬಂತು. ಅಕ್ಟೋಬರ್ 4ರಂದು ನ್ಯಾಯಮೂರ್ತಿ ಎನ್. ಕಿರುಬಾಕರನ್ ಅಧಿಸೂಚನೆ ರದ್ದು ಮಾಡಿ, ಡಿಸೆಂಬರ್ ಮುಗಿಯುವುದರೊಳಗೆ ಹೊಸದಾಗಿ ಚುನಾವಣೆ ನಡೆಸಿ ಎಂದರು. ಆ ಡಿಸೆಂಬರು ಹೋಯಿತು, ಆಮೇಲಿನ ಡಿಸೆಂಬರುಗಳೂ ಹೋದವು. ಚೆನ್ನೈ ಮತ ಹಾಕಿದ್ದು 2022ರ ಫೆಬ್ರುವರಿ 19ರಂದು. 200 ವಾರ್ಡಿನ ಆ ಕೌನ್ಸಿಲಿಗೆ 28ರ ಹರೆಯದ ಆರ್. ಪ್ರಿಯಾ ಮೇಯರ್ ಆದರು, ಈ ಊರಿನ ಮೊದಲ ದಲಿತ ಮಹಿಳಾ ಮೇಯರ್. ಅಷ್ಟರೊಳಗೆ 2019ರ ನೀರಿನ ಬರ, ಕೋವಿಡ್ ಎರಡೂ ಕೌನ್ಸಿಲರುಗಳೇ ಇಲ್ಲದೆ ಕಳೆದಿದ್ದವು. ಆ ವರ್ಷಗಳಲ್ಲಿ ಆಯುಕ್ತರೇ ವಿಶೇಷಾಧಿಕಾರಿ. ಅಂದರೆ ಪ್ರಸ್ತಾವ ಮಂಡಿಸುವವರೂ ಅವರೇ, ಕೌನ್ಸಿಲಿನ ಪರವಾಗಿ ಅಂಗೀಕರಿಸುವವರೂ ಅವರೇ. ಒಂದೇ ಪೆನ್ನಿನಿಂದ ಎರಡು ಸಹಿ.

ಬೆಂಗಳೂರಿನ ಓದುಗರು ಇದನ್ನು ಓದಿ ಚೆನ್ನೈ ಬಗ್ಗೆ ಮರುಕಪಡಬೇಕಿಲ್ಲ. ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಐದು ವರ್ಷದ ಬಳಿಕ, 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು, ಕೌನ್ಸಿಲರ್ ಮಾತ್ರ ಒಬ್ಬರೂ ಇರಲಿಲ್ಲ. ಬೆಳಗಾವಿಯಲ್ಲಿ 2005ರಲ್ಲೊಮ್ಮೆ, 2011ರಲ್ಲೊಮ್ಮೆ ಗಡಿ ವಿವಾದದ ಸಿಟ್ಟಿನಲ್ಲಿ ಪಾಲಿಕೆಯನ್ನೇ ಸೂಪರ್‌ಸೀಡ್ ಮಾಡಿದರು. ಕರಾಳ ದಿನದ ಮೆರವಣಿಗೆಗೆ ಹೋದ ಮೇಯರನ್ನು ಕೇಳಬೇಕಾದದ್ದು ಕೇಳಲಿ. ಆ ಮೆರವಣಿಗೆಗೆ ಹೋಗದ ವಾರ್ಡಿನ ಸದಸ್ಯನೂ ಮನೆಗೆ ಹೋಗಬೇಕಾಯಿತು. ಅದೇ ಬೆಳಗಾವಿಯಲ್ಲಿ 2025ರ ಫೆಬ್ರುವರಿಯಲ್ಲಿ, ತಿನಿಸು ಕಟ್ಟೆಯ ಮಳಿಗೆಗಳು ಪತ್ನಿಯರ ಹೆಸರಿನಲ್ಲಿ ಇದ್ದ ಕಾರಣಕ್ಕೆ ಇಬ್ಬರು ಸದಸ್ಯರ ಸದಸ್ಯತ್ವವನ್ನು ಪ್ರಾದೇಶಿಕ ಆಯುಕ್ತರು ರದ್ದು ಮಾಡಿದರು. ಅವರು ಮೇಲ್ಮನವಿ ಹೋದರು, ಹೋಗುವ ಹಕ್ಕು ಅವರಿಗಿದೆ. ಕೌನ್ಸಿಲು ಮುಚ್ಚಲಿಲ್ಲ. ಕಡಿವಾಣ ಎಂದರೆ ಇದು.

ಆವರಣ ಬಿಟ್ಟು ಎನ್‌ಎಸ್‌ಸಿ ಬೋಸ್ ರಸ್ತೆಗೆ ಬಂದರೆ ಕಾನೂನಿನ ಭಾಷೆ ಮುಗಿದು ಬೀದಿಯ ಭಾಷೆ ಶುರು. ಬೆಲ್ಟು, ಮೊಬೈಲ್ ಕವರು, ಸೀತಾಫಲ, ನೈಟಿ. ನಡೆಯಲು ಉಳಿದದ್ದು ಒಂದು ಹೆಜ್ಜೆಯಗಲದ ದಾರಿ. ಈ ರಸ್ತೆಯ ಫುಟ್‌ಪಾತ್ ತೆರವು ಮಾಡಿ ಎಂದು ಹೈಕೋರ್ಟ್ ಮತ್ತೆ ಮತ್ತೆ ಹೇಳಿದೆ. ನ್ಯಾಯಮೂರ್ತಿಗಳ ಕಾರು ಹೋಗುವುದೂ ಇದೇ ಬೀದಿಯ ಮಗ್ಗುಲಿನಲ್ಲಿ. ತೆರವು ಆಗುತ್ತದೆ, ಸಂಜೆಗೆ ಟಾರ್ಪಾಲು ಮತ್ತೆ ಬಿಚ್ಚಿಕೊಳ್ಳುತ್ತದೆ. ನಡುವೆ ಮಾಮೂಲು ಯಾರಿಗೆ ಹೋಗುತ್ತದೆ ಎಂದು ಬೆಲ್ಟಿನ ಅಂಗಡಿಯವನನ್ನು ಕೇಳಿದೆ. ಅವನು ನನ್ನ ಸೊಂಟ ನೋಡಿ, "36 ಸೈಜಾ ಸಾರ್?" ಎಂದ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದಕ್ಕೊಂದು ಮದ್ದು ಸೂಚಿಸಿದೆ: ಎಲ್ಲಿ ವ್ಯಾಪಾರ, ಎಲ್ಲಿ ಬೇಡ ಎಂಬುದರಲ್ಲಿ ಪಟ್ಟಣ ವ್ಯಾಪಾರ ಸಮಿತಿಗೂ ಮಾತಿರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳು ಇರಬೇಕು. ಜಾಗ ಹಂಚುವ ಅಧಿಕಾರ ಒಬ್ಬ ಕೌನ್ಸಿಲರ ಅಥವಾ ಒಬ್ಬ ಇನ್ಸ್‌ಪೆಕ್ಟರ ಕಿಸೆಯಲ್ಲಿ ಇರದಿದ್ದರೆ ಮಾಮೂಲಿನ ದರವೂ ಇಳಿದೀತು.

ಇದೇ ಚೌಕದಲ್ಲಿ ಒಂದು ಕಾಲಕ್ಕೆ ಗಿರಣಿಯ ಕೆಲಸ ಬಿಟ್ಟ ಒಬ್ಬ ಮನುಷ್ಯ ಯಾರೂ ಹೇಳದೆಯೇ ನಿಂತು ವಾಹನಗಳಿಗೆ ದಾರಿ ಬಿಡಿಸುತ್ತಿದ್ದ. ಜನ ಟ್ರಾಫಿಕ್ ರಾಮಸ್ವಾಮಿ ಎಂದು ಕರೆದರು. ಕೈಸನ್ನೆಯಿಂದ ಶುರುವಾದದ್ದು ಅರ್ಜಿಗೆ ತಿರುಗಿತು. ರಸ್ತೆ ದಾಟಿ ಹೈಕೋರ್ಟಿಗೆ ಹೋಗಿ ತಮ್ಮ ಕೇಸನ್ನು ತಾವೇ ವಾದಿಸುತ್ತಿದ್ದರು. ತ್ಯಾಗರಾಯ ನಗರದ ಅಕ್ರಮ ಕಟ್ಟಡಗಳು, ಮೀನು ಸಾಗಿಸುವ ಮೋಟಾರು ಕಟ್ಟಿದ ಬಂಡಿಗಳು, ಎಲ್ಲಕ್ಕಿಂತ ಹೆಚ್ಚಾಗಿ ರಾಜಕಾರಣಿಗಳ ಫ್ಲೆಕ್ಸ್ ಬ್ಯಾನರುಗಳು. ಆದೇಶ ಜಾರಿಯಾಗದಿದ್ದರೆ ಬ್ಯಾನರನ್ನು ತಾವೇ ಹರಿದು ಕೆಳಗೆಳೆದದ್ದೂ ಉಂಟು, ಅದಕ್ಕೆ ಏಟು ತಿಂದದ್ದೂ ಉಂಟು. 2015ರ ಆರ್.ಕೆ. ನಗರ ಉಪಚುನಾವಣೆಯಲ್ಲಿ ಜಯಲಲಿತಾ ವಿರುದ್ಧ ನಿಂತರು. ಗೆಲ್ಲುವ ಲೆಕ್ಕ ಅವರಿಗೂ ಇದ್ದಿರಲಾರದು. 2019ರ ಸೆಪ್ಟೆಂಬರ್ 12ರಂದು ಪಳ್ಳಿಕರಣೆಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಸುಭಶ್ರೀ ಎಂಬ ಯುವತಿಯ ಮೇಲೆ ಅಕ್ರಮ ಬ್ಯಾನರ್ ಬಿದ್ದು, ಹಿಂದೆ ಬಂದ ಲಾರಿಗೆ ಸಿಕ್ಕಿ ಆಕೆ ತೀರಿಕೊಂಡಾಗ, ಈ ಮುದುಕ ಅಷ್ಟು ವರ್ಷ ಕೂಗಿದ್ದು ಏಕೆಂದು ಊರಿಗೆ ಗೊತ್ತಾಯಿತು. 2021ರ ಮೇ ತಿಂಗಳಲ್ಲಿ, 87ರ ವಯಸ್ಸಿನಲ್ಲಿ ರಾಮಸ್ವಾಮಿ ಹೋದರು. ಅಂಥವರನ್ನು ಹೊಗಳುವುದು ಸುಲಭ. ಒಬ್ಬ ಮನುಷ್ಯನ ಹಟದ ಮೇಲೆ ಒಂದು ಮಹಾನಗರದ ಕಾವಲು ನಿಂತಿತ್ತು ಎಂಬುದು ಹೊಗಳುವ ಸಂಗತಿಯಲ್ಲ.

ಬ್ರಾಡ್‌ವೇ ಕಡೆ ತಿರುಗಿದರೆ ಕುರಳಗಂ. ಖಾದಿ ಅಂಗಡಿಗೆಂದು ಜನ ನೆನಪಿಟ್ಟುಕೊಂಡಿರುವ ಈ ಕಟ್ಟಡದ ಮಹಡಿಯಲ್ಲಿ ಲೋಕಲ್ ಫಂಡ್ ಆಡಿಟ್ ಇಲಾಖೆ ಬಹುಕಾಲ ಇತ್ತು. ಹಗರಣದಷ್ಟು ಸದ್ದು ಮಾಡದ, ಆದರೆ ಕೌನ್ಸಿಲರುಗಳು ನಿಜಕ್ಕೂ ಹೆದರಬೇಕಾದ ಕಚೇರಿ. ಪುರಸಭೆಯ ವೋಚರುಗಳನ್ನು ಒಂದೊಂದಾಗಿ ತಿರುವಿ, ಈ ಖರ್ಚು ಕಾನೂನಿಗೆ ಹೊರತು, ಈ ನಷ್ಟ ಇಂಥವರ ಅಲಕ್ಷ್ಯದಿಂದ ಎಂದು ಬರೆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಸರ್‌ಚಾರ್ಜ್ ಹಾಕಬಹುದು. ಎಂದರೆ, ಠರಾವಿಗೆ ಕೈಯೆತ್ತಿದ ಕೌನ್ಸಿಲರ್, ಬಿಲ್ಲಿಗೆ ಸಹಿ ಹಾಕಿದ ಅಧಿಕಾರಿ, ಇಂಥವರಿಂದ ಇಷ್ಟು ರೂಪಾಯಿ ಎಂದು ಅವರ ಸ್ವಂತ ಜೇಬಿನಿಂದಲೇ ವಸೂಲಿ. ನೋಟಿಸು ಬಂದವರು ಉತ್ತರ ಕೊಡಬಹುದು, ಮೇಲ್ಮನವಿ ಹೋಗಬಹುದು. ಬ್ರಿಟಿಷರ ಕಾಲದ ಈ ಹತಾರು ಮದ್ರಾಸ್ ಕಾಯ್ದೆಗಳ ಮೂಲಕ ನಮ್ಮ ಕರಾವಳಿಯ ಪುರಸಭೆಗಳಿಗೂ ಬಂದಿತ್ತು. ನನ್ನ ದೂರು ಇಷ್ಟೇ: ಆಡಿಟ್ ಪ್ಯಾರಾ ಬರೆಯುವ ಹೊತ್ತಿಗೆ ಕೌನ್ಸಿಲರ ಅವಧಿ ಮುಗಿದಿರುತ್ತದೆ, ವಸೂಲಿಯ ಹೊತ್ತಿಗೆ ಆತ ಶಾಸಕನೋ ದಿವಂಗತನೋ ಆಗಿರುತ್ತಾನೆ.

ತಂಬು ಚೆಟ್ಟಿ ಬೀದಿಯ ಕಡೆ ಬಂದರೆ ಈ ಎಲ್ಲ ಯಂತ್ರಕ್ಕೆ ಕಾಗದ ಒದಗಿಸುವ ಲೋಕ. ಜೆರಾಕ್ಸ್ ಅಂಗಡಿ, ನೋಟರಿ, ವಕೀಲರ ಚೇಂಬರು, ಟೈಪಿಂಗಿನವರು. ಒಬ್ಬಾಕೆ ಅಫಿಡವಿಟ್ ಒಂದರ ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ದಬ್ಬಳದಿಂದ ಮೂಲೆಗೆ ತೂತು ಹೊಡೆದು, ಟ್ಯಾಗು ಪೋಣಿಸಿ, ಅದರ ತುದಿಯನ್ನು ಹಲ್ಲಿನಲ್ಲಿ ಎಳೆದು ಬಿಗಿದರು. ಪ್ರತಿವಾದಿಗಳ ಪಟ್ಟಿಯಲ್ಲಿ ಆಯುಕ್ತರು, ವಲಯ ಅಧಿಕಾರಿ, ತಹಶೀಲ್ದಾರ್. ಕೌನ್ಸಿಲರ ಹೆಸರಿಲ್ಲವಲ್ಲ ಎಂದೆ. "ಅವರನ್ನು ಯಾಕೆ ಸಾರ್ ಸೇರಿಸೋದು, ಅವರೇ ಈ ಪಾರ್ಟಿನ ಕಳಿಸಿದ್ದು," ಎಂದರು ತಮಿಳಿನಲ್ಲಿ. ಅಧಿಕಾರಿ ಮಾತು ಕೇಳದಿದ್ದಾಗ ಕೌನ್ಸಿಲರೇ ಮತದಾರನ ಕೈಯಲ್ಲಿ ರಿಟ್ ಹಾಕಿಸುತ್ತಾರೆ. ಕಡಿವಾಣದ ಹಗ್ಗ ಎರಡೂ ಕಡೆಗೆ ಎಳೆಯುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ನನಗೆ ಇಷ್ಟು ಚುಟುಕಾಗಿ ಹೇಳಿರಲಿಲ್ಲ.

ಜಾರ್ಜ್ ಟೌನಿನ ಈ ಬೀದಿಗಳಿಗೆ ಉಡುಪಿ ಹೋಟೆಲಿನವರ ನಂಟು ಹಳೆಯದು. ಮುಂದೆ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಮೊದಲು ಅಂಗಡಿ ನಡೆಸಿದ್ದು ಇಲ್ಲೇ ಆಚಾರಪ್ಪನ್ ಬೀದಿಯಲ್ಲಿ. ನಾನು ಕಾಫಿಗೆ ಕೂತ ಸಣ್ಣ ಹೋಟೆಲಿನ ಗಲ್ಲಾದಲ್ಲಿದ್ದವರು ಕುಂದಾಪುರದ ಕಡೆಯವರು. ಕೌನ್ಸಿಲರ್ ಇಲ್ಲದ ವರ್ಷಗಳು ಹೇಗಿದ್ದವು ಎಂದು ಕೇಳಿದೆ.

"1913ಕ್ಕೆ ಫೋನ್ ಮಾಡುದು," ಎಂದರು. ಪಾಲಿಕೆಯ ದೂರಿನ ನಂಬರು ಅದು. "ಕಂಪ್ಲೇಂಟ್ ನಂಬರ್ ಕೊಡ್ತಿದ್ರು. ಕೆಲ್ಸ ಆಯ್ಕಂಡಿತ್ ಅಂತ ಮೆಸೇಜೂ ಬತ್ತಿತ್. ಚರಂಡಿ ಹಾಂಗೇ ಇತ್ತ್."

ಈಗ?

"ಕೌನ್ಸಿಲರ್ ಭಾರಿ ಒಳ್ಳೆಯವ್ರ್ ಅಂದೇಳಿ ನಾ ಹೇಳುದಿಲ್ಲೆ ಮಾರಾಯ್ರೆ. ಆದ್ರೆ ಅವ್ರ ಮನೆ ಎಲ್ಲಿತ್ತ್ ಅಂತ ಗೊತ್ತಿತ್ತ್."

2022ರ ನವೆಂಬರ್ 1ರಂದು ತಮಿಳುನಾಡಿನಲ್ಲಿ ಸ್ಥಳೀಯ ಆಡಳಿತ ದಿನವೆಂದು ವಾರ್ಡುಗಳಲ್ಲಿ ಏರಿಯಾ ಸಭೆ ಕರೆದಿದ್ದರು. ಗ್ರಾಮಸಭೆಯ ನಗರದ ರೂಪ. ಕೌನ್ಸಿಲರ್ ಜನರೆದುರು ಕೂತು ಲೆಕ್ಕ ಹೇಳಬೇಕು. ಪಮ್ಮಲ್‌ನ ಸಭೆಗೆ ಮುಖ್ಯಮಂತ್ರಿ ಸ್ಟಾಲಿನ್ನರೇ ಹೋಗಿದ್ದರು. ನೀವು ಹೋಗಿದ್ರಾ ಎಂದರೆ, ಅವತ್ತು ರಾಜ್ಯೋತ್ಸವದ ಕಾರ್ಯಕ್ರಮವಿತ್ತು ಎಂದು ನಕ್ಕರು. ಆಮೇಲೆ ಅವರೇ ಕೇಳಿದರು, ಈ ಕೌನ್ಸಿಲಿನ ಟೈಮು ಯಾವಾಗ ಮುಗಿಯುತ್ತದೆ ಎಂದು. 2027ರ ಮಾರ್ಚ್ ಎಂದೆ.

"ಎಲೆಕ್ಷನ್ ಅದ್ರೊಳಗೆ ಆತ್ತಾ?"

ಆಗಲೇಬೇಕು, ಸಂವಿಧಾನದಲ್ಲಿ ಬರೆದಿದೆ ಎಂದೆ.

"2016ರಗೂ ಬರ್ದಿತ್ತಲ್ದಾ?" ಎನ್ನುತ್ತ ನನ್ನ ಚಿಲ್ಲರೆ ಎಣಿಸಿ ಕೊಟ್ಟು, ಹಿಂದಿದ್ದ ಕರಿಕೋಟಿನವರ ಟೋಕನ್ನಿಗೆ ಕೈ ಚಾಚಿದರು.